ಮುಟ್ಟಿದರೆ ಕೆಂಪಾಗುವ ಅಣಬೆ

ಮದುವೆಯಾಗಿ ಸೊಲ್ಲಾಪುರಕ್ಕೆ ಬಂದ ವರ್ಷ, ಮಳೆ ಆಗಷ್ಟೇ ಹಿಡಿದ ಒಂದು ಸಂಜೆ ನನ್ನ ಗಂಡ ಕರವಸ್ತ್ರದಲ್ಲಿ ಏನನ್ನೋ ಸುತ್ತಿಕೊಂಡು ಮನೆಗೆ ಬಂದರು. ಮಲ್ಲಿಗೆ ಇರಬೇಕೆಂದುಕೊಂಡು ನಾನು ನಾಚಿಕೆಯಿಂದಲೇ ಕೈ ಚಾಚಿದೆ. ಬಿಚ್ಚಿದರೆ ಒಂದು ಅಣಬೆ. ಅದರ ಕಾಲಿಗೆ ಇನ್ನೂ ಮಣ್ಣು ಮೆತ್ತಿಕೊಂಡಿತ್ತು.

"ಮೂಸಿ ನೋಡು," ಅಂದರು. "ಎದರ ವಾಸನಿ ಬರ್ತದ ಹೇಳು."

ಹೊಸ ಹೆಂಡತಿ ಬೇರೇನು ಮಾಡಲಿ, ಮೂಸಿದೆ. "ಹಸಿ ಜೋಳದ ಹಿಟ್ಟಿಂದು ಬಂದಂಗ ಆತ್ರಿ. ಬೀಸಿದ ಕೂಡ್ಲೇ ಬರ್ತದಲ್ಲ, ಅದು."

ಅವರಿಗೆ ಎಷ್ಟು ಖುಷಿಯಾಯಿತೆಂದರೆ ಚಪ್ಪಲಿ ಬಿಡುವುದನ್ನೂ ಮರೆತು ಪಡಸಾಲೆಯೊಳಗೆ ಬಂದುಬಿಟ್ಟರು. "ಪುಸ್ತಕದಾಗ ಬರೀ ಹಿಟ್ಟಿನ ವಾಸನಿ ಅಂತ ಬರದಾರ. ಯಾವ ಹಿಟ್ಟು ಅಂತ ಬರದಿಲ್ಲ. ಬಿಲಾಯತಿಯವರಿಗೆ ಜೋಳದ ಹಿಟ್ಟು ಎಲ್ಲಿ ಗೊತ್ತು?"

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಲ್ಲಿ ನನ್ನ ಅತ್ತೆ ಬಂದು ನಿಂತಿದ್ದರು. ಅವರು ಎತ್ತರದ ಹೆಂಗಸು. ಹಣೆಯ ತುಂಬ ವಿಭೂತಿ. ಬೆಳಿಗ್ಗೆ ಗಿರಣಿಯ ಭೋಂಗಾ ಕೂಗುವ ಮೊದಲೇ ಸ್ನಾನ ಮಾಡಿ ಲಿಂಗಪೂಜೆಗೆ ಕೂಡುವವರು. ನಮ್ಮ ಕಡೆ ಶುದ್ಧ ಶಾಕಾಹಾರದ ಮನೆಗಳಲ್ಲಿ ಅಣಬೆಯನ್ನು ಮಾಂಸಕ್ಕಿಂತ ಮೇಲೆಂದೇನೂ ಎಣಿಸುತ್ತಿರಲಿಲ್ಲ. ನಾಯಿಕೊಡಿ ಅನ್ನುವ ಹೆಸರೇ ಸಾಕಿತ್ತು.

"ಅದನ್ನ ಒಲಿ ಹತ್ರ ತಂದೀ ಅಂದ್ರ, ನಾ ಈ ಮನಿ ಬಿಟ್ಟು ಹೋಗ್ತೀನಿ ನೋಡು," ಅಂದರು ಮಗನಿಗೆ.

ನನ್ನ ಗಂಡ ಊರಿನ ಒಂದು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದರು. ಅಣಬೆಗಳ ಅಭ್ಯಾಸ ಅವರ ಹುಚ್ಚು. ಸೊಲ್ಲಾಪುರದಲ್ಲಿ ಕೂತು ಅಣಬೆ ಹುಡುಕುತ್ತಾರೆಂದು ಜೊತೆಯ ಮಾಸ್ತರರು ನಗುತ್ತಿದ್ದರಂತೆ. ಹುಡುಕುವುದಾದರೆ ಮಹಾಬಳೇಶ್ವರಕ್ಕೆ ಹೋಗಿರಿ, ಅಲ್ಲಿ ಕಾಡಿದೆ, ಮಂಜಿದೆ, ಇಲ್ಲಿ ಬಿಸಿಲು ಬಿಟ್ಟರೆ ಏನಿದೆ ಎನ್ನುವುದು ಅವರ ವಾದ. ನಮ್ಮ ಸುತ್ತ ಇದ್ದ ಕಾಡೆಂದರೆ ಜಾಲಿ, ಬೇವು, ಬನ್ನಿ, ಬಾರಿಮುಳ್ಳು. ಅಲ್ಲಲ್ಲಿ ಸರಕಾರ ದನಕರುಗಳ ಹುಲ್ಲಿಗೆಂದು ಕಾಯ್ದಿಟ್ಟ ಕುರಣಗಳು. ವರ್ಷದ ಬಹುಪಾಲು ಆ ನೆಲ ಹಂಚಿನಂತೆ ಕಾದು ಬಿದ್ದಿರುತ್ತದೆ. "ಹಸಿ ಕಾಡಿನ ಅಣಬಿ ಎಲ್ಲಾರೂ ನೋಡ್ಯಾರ," ಎನ್ನುತ್ತಿದ್ದರು ಇವರು. "ಒಣ ನೆಲದಾಗ ಏನು ಹುಟ್ಟತದ ಅಂತ ಯಾರೂ ಬಗ್ಗಿ ನೋಡಿಲ್ಲ. ಒಂದು ಮಳಿ ಬಿದ್ದ ಮ್ಯಾಲೆ ಎರಡು ದಿನ ಬರ್ತಾವ, ಹೋಗ್ತಾವ. ಅಷ್ಟ ಹೊತ್ತಿನಾಗ ನಾವು ಅಲ್ಲಿ ಇರಬೇಕು."

ಅಣಬೆಯನ್ನು ಕಾದಿಡುವುದು ಬಹಳ ಕಷ್ಟ. ಕಿತ್ತ ಗಳಿಗೆಯಿಂದ ಅದು ಸಾಯತೊಡಗುತ್ತದೆ. ಸಣ್ಣ ಕಾವಿನಲ್ಲಿ, ಹೊಗೆ ತಾಗದಂತೆ ಒಣಗಿಸಬೇಕು. ಹಾಗಾಗಿ ಇದ್ದಿಲಿನ ಒಂದು ಶಿಗಡಿ, ಅದರ ಮೇಲೆ ತಂತಿಯ ಜಾಳಿಗೆ ಬೇಕಿತ್ತು. ಅತ್ತೆ ಮೊದಲು ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾಗ ಕೊಟ್ಟರು. ಮಳೆಗೆ ಕೆಂಡ ಆರಿತು. ಮಗನ ಮುಖ ನೋಡಲಾರದೆ ಹಿತ್ತಲ ಬಾಗಿಲಿನ ಮಾಡಿನ ಕೆಳಗೆ ತರಲು ಒಪ್ಪಿದರು. ಅಲ್ಲಿ ಬೆಕ್ಕಿನ ಕಾಟ. ಒಂದು ದಿನ ನೋಡಿದರೆ ಶಿಗಡಿ ಪಡಸಾಲೆಯ ಮೂಲೆಗೆ ಬಂದು ಕೂತಿತ್ತು, ತಂದವರು ಅತ್ತೆಯೇ. "ಇಲ್ಲಿಂದ ಮುಂದ ಒಂದು ಗೇಣು ಸರಿಸಬ್ಯಾಡ್ರಿ," ಎಂದು ನನಗೂ ಸೇರಿಸಿ ತಾಕೀತು ಮಾಡಿದರು.

ಒಣಗಿದ ಮೇಲೆ ಅಣಬೆಯ ಬಣ್ಣ ಉಳಿಯುವುದಿಲ್ಲ. ಎಲ್ಲವೂ ಹಳೆಯ ಚರ್ಮದ ತುಂಡಿನಂತೆ ಕಂದಾಗಿಬಿಡುತ್ತವೆ. ಅದಕ್ಕೇ ಕಿತ್ತ ದಿನವೇ ಚಿತ್ರ ಬರೆಯಬೇಕು. ಇವರು ಬರೆದ ಅಣಬೆಗಳು ಮಣ್ಣಿನ ಕುಡಿಕೆಯಂತೆ ಕಾಣುತ್ತಿದ್ದವು. ನನ್ನ ಅಪ್ಪ ಅಕ್ಕಲಕೋಟೆಯ ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರರು. ಅವರ ಕೈ ಕೆಳಗೆ ನಾನೂ ಸರಕಾರಿ ಡ್ರಾಯಿಂಗ್ ಪರೀಕ್ಷೆ ಕಟ್ಟಿದವಳು. ಒಂದು ದಿನ ಇವರು ಕಾಲೇಜಿನಿಂದ ಬರುವಷ್ಟರಲ್ಲಿ ಜಾಳಿಗೆಯ ಮೇಲಿಡಬೇಕಾಗಿದ್ದ ಅಣಬೆಯೊಂದನ್ನು ಕೂತು ಬರೆದಿಟ್ಟೆ. ಬಂದವರು ಚಿತ್ರ ನೋಡಿದರು, ನನ್ನನ್ನು ನೋಡಿದರು, ಮತ್ತೆ ಚಿತ್ರ ನೋಡಿದರು. "ಇದನ್ನ ಮೊದಲ ಯಾಕ ಹೇಳಲಿಲ್ಲ?" ಅಂದರು.

"ನೀವು ಕೇಳಿದ್ದು ವಾಸನಿ ಅಷ್ಟರಿ," ಅಂದೆ.

ಅಂದಿನಿಂದ ಕುಂಚದ ಕೆಲಸ ನನ್ನದಾಯಿತು. ಬಣ್ಣ ಹೊಂದಿಸುವುದೇ ತಲೆನೋವು. ಇವರ ಪುಸ್ತಕಗಳಲ್ಲಿ ಜಿಂಕೆಯ ಬಣ್ಣ, ಕುಡಿಯುವ ಯಾವುದೋ ದ್ರಾಕ್ಷಾರಸದ ಬಣ್ಣ ಎಂದೆಲ್ಲ ಬರೆದಿರುತ್ತಿತ್ತು. ನಮ್ಮ ಪಕ್ಕದ ವಾಡೆಯಲ್ಲಿ ಮಗ್ಗದವರಿದ್ದರು, ಚಾದರ ನೇಯುವ ತೆಲುಗರು. ಅವರ ಮನೆಯ ಹೆಂಗಸರು ನನಗೆ ಬಣ್ಣ ಹಾಕಿದ ನೂಲಿನ ತುಂಡುಗಳನ್ನು ಕೊಡುತ್ತಿದ್ದರು. ಅವನ್ನು ಒಂದು ರಟ್ಟಿಗೆ ಸಾಲಾಗಿ ಸುತ್ತಿ, ಗಂಧ, ಮೆಂತ್ಯ, ಸುಟ್ಟ ಇಟ್ಟಿಗೆ, ಒಣ ಕೊಬ್ಬರಿ ಎಂದು ಹೆಸರಿಟ್ಟುಕೊಂಡೆ. ಅಣಬೆಯ ಪಕ್ಕ ಆ ರಟ್ಟು ಹಿಡಿದು, ಯಾವ ನೂಲಿಗೆ ಹೊಂದುತ್ತದೆಂದು ನೋಡಿ ಬಣ್ಣ ಕಲೆಸುತ್ತಿದ್ದೆ.

ಇನ್ನೊಂದು ಕೆಲಸ ನನಗೆ ಬಹಳ ಪ್ರೀತಿಯದು. ಅಣಬೆಯ ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ತೆಳುವಾದ ಮಡಿಕೆಗಳಿರುತ್ತವೆ. ಅದರ ಬೀಜಕಣಗಳು ಉದುರುವುದು ಅಲ್ಲಿಂದಲೇ. ಕೊಡೆಯನ್ನು ಕತ್ತರಿಸಿ ಕಾಗದದ ಮೇಲೆ ಬೋರಲು ಹಾಕಿ, ಮೇಲೊಂದು ಬಟ್ಟಲು ಮುಚ್ಚಿಟ್ಟರೆ, ಬೆಳಿಗ್ಗೆ ತೆಗೆಯುವ ಹೊತ್ತಿಗೆ ಕಾಗದದ ಮೇಲೆ ಸಣ್ಣ ಪುಡಿಯ ಗೆರೆಗಳು ಚಕ್ರದಂತೆ ಮೂಡಿರುತ್ತವೆ. ಒಂದೊಂದರದು ಒಂದೊಂದು ಬಣ್ಣ. ಬಿಳಿ, ಗುಲಾಬಿ, ತುಕ್ಕು, ಕಪ್ಪು. ಮೊದಲ ಸಲ ನೋಡಿದಾಗ ಅತ್ತೆ, "ಅಯ್ಯ, ರಂಗೋಲಿ ಹಾಕೇದಲ್ಲ!" ಅಂದುಬಿಟ್ಟರು. ಅಂದ ಮೇಲೆ, ತಾನು ನಾಯಿಕೊಡೆಯನ್ನು ಹೊಗಳಿದೆನೆಂದು ಹೊಳೆದು, ಸರಸರ ಒಳಗೆ ಹೋದರು.

ಆಗ ರಾಜ್ಯಗಳ ವಿಂಗಡಣೆಯ ಮಾತು ಜೋರಾಗಿತ್ತು. ಸೊಲ್ಲಾಪುರ, ಅಕ್ಕಲಕೋಟೆ ಯಾವ ಕಡೆ ಹೋಗಬೇಕೆಂದು ನಮ್ಮ ವಾಡೆಯ ಕಟ್ಟೆಯ ಮೇಲೆ ದಿನಾ ವಾದ. ಅರ್ಧ ಕನ್ನಡದಲ್ಲಿ, ಅರ್ಧ ಮರಾಠಿಯಲ್ಲಿ, ಸಿಟ್ಟು ಬಂದಾಗ ಎರಡೂ ಕೂಡಿ. ಒಮ್ಮೆ ಯಾರೋ ಇವರನ್ನು ತಡೆದು, "ಸರ್, ನೀವ್ ಹೇಳ್ರಿ, ನಾವು ಯಾರಿಗೆ ಸೇರಿದವರು?" ಎಂದು ಕೇಳಿದರಂತೆ. ಇವರ ಕೈಯಲ್ಲಿ ಅಣಬೆಯ ಡಬ್ಬಿ ಇತ್ತು. "ಇದು ಎಲ್ಲಿ ಸೇರತದ ಅನ್ನೂದ ಇನ್ನೂ ತಿಳಿವಲ್ದು ಮಾರಾಯಾ," ಎಂದು ಹೇಳಿ ಬಂದರು.

ನಾನು ಹೇಳಬೇಕೆಂದಿರುವ ಅಣಬೆ ಸಿಕ್ಕಿದ್ದು ನಮ್ಮ ಮದುವೆಯ ಎರಡನೆಯ ಮಳೆಗಾಲದಲ್ಲಿ.

ಆಷಾಢಕ್ಕೆ ನಾನು ತವರಿಗೆ ಹೋಗಿದ್ದೆ. ಅಳಿಯ ಆಷಾಢದಲ್ಲಿ ಮಾವನ ಮನೆಗೆ ಬರಬಾರದೆಂಬುದು ಲೆಕ್ಕ. ಆದರೆ ಅಕ್ಕಲಕೋಟೆಯ ಕಡೆ ಒಳ್ಳೆಯ ಮಳೆಯಾಗಿದೆಯೆಂದು ಕೇಳಿ ಇವರು ಶನಿವಾರದ ಮೋಟಾರು ಹತ್ತಿ ಬಂದೇಬಿಟ್ಟರು. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅಪ್ಪ ಮಾತ್ರ ಗಂಭೀರವಾಗಿ, "ಅಣಬಿಗೆ ಬಂದಾರ, ನಿನಗಲ್ಲ," ಎಂದು ಸಮಾಧಾನ ಹೇಳಿದರು.

ನನ್ನ ಸೋದರಮಾವನ ಹೊಲ ಕುರನೂರಿನಲ್ಲಿತ್ತು. ಮರುದಿನ ಬೆಳಿಗ್ಗೆ ಮಾವನ ಎತ್ತಿನ ಗಾಡಿಯಲ್ಲಿ ಹೊರಟೆವು. ಬೋರಿ ಹೊಳೆಯ ದಂಡೆಗೆ ಒಂದು ಕುರಣ, ಅದರ ಅಂಚಿಗೆ ಹಳೆಯ ಜಾಲಿ ಮರಗಳ ಬನ. ಬೇಸಿಗೆಯಲ್ಲಿ ಕುರಿಯವರು ಅಲ್ಲಿ ಮಂದೆ ನಿಲ್ಲಿಸುತ್ತಿದ್ದರು. ನೆಲವೆಲ್ಲ ಕುರಿಯ ಹಿಕ್ಕೆ, ಉದುರಿದ ಜಾಲಿಕಾಯಿ, ಕೊಳೆತ ಬೇರು. ಮಳೆ ಬಿದ್ದು ಅದೆಲ್ಲ ಹದವಾಗಿ, ಕಾಲಿಟ್ಟರೆ ಮೆತ್ತಗೆ ಒಳಗಿಳಿಯುತ್ತಿತ್ತು. ಕುರಿಯವರ ದೇವರು ಬಿರೋಬನ ಒಂದು ಸಣ್ಣ ಗುಡಿ, ಅದರ ಮುಂದೆ ಎರಚಿದ ಭಂಡಾರದ ಹಳದಿ. ಗುಡಿಯ ಹಿಂದಿನ ಜಾಲಿಯ ಬುಡದಲ್ಲಿ ನಾನು ಮುಳ್ಳು ತೆಗೆಯಲೆಂದು ಕೂತೆ. ಎದುರಿಗೇ ಇದ್ದವು.

ಐದಾರು ಇರಬೇಕು, ಒಂದಕ್ಕೊಂದು ಆತು ನಿಂತಿದ್ದವು. ಬಿಳಿಯ ಕೊಡೆ, ನಡುವೆ ಒಂದು ಕಂದು ಬೊಟ್ಟು, ಬೊಟ್ಟಿನ ಸುತ್ತ ಅದೇ ಬಣ್ಣದ ಸಣ್ಣ ಸಣ್ಣ ಚಿಪ್ಪುಗಳು. ಕಾಲಿಗೆ ತೆಳುವಾದ ಬಳೆಯಂಥ ಉಂಗುರ. ಎಲೆ ಸರಿಸಲು ಹೋಗಿ ನನ್ನ ಬೆರಳು ಒಂದಕ್ಕೆ ತಾಗಿತು. ನೋಡುತ್ತಿದ್ದಂತೆಯೇ ತಾಗಿದ ಜಾಗ ಮೊದಲು ಕಿತ್ತಳೆಯಾಗಿ, ಆಮೇಲೆ ಕುಂಕುಮದಂತೆ ಕೆಂಪಾಯಿತು.

"ಇಲ್ಲಿ ಬರ್ರಿ!" ಎಂದು ಕೂಗಿದೆ. "ಇದಕ್ಕ ರಕ್ತ ಬಂತು!"

ಇವರು ಮುಳ್ಳು ಗಿಳ್ಳು ನೋಡದೆ ಓಡಿಬಂದು ಮೊಣಕಾಲೂರಿದರು. ಗಿಡದ ಬುಡದಲ್ಲಿ ನಾವಿಬ್ಬರೂ ತಲೆಗೆ ತಲೆ ತಾಗಿಸಿಕೊಂಡು ಕೂತಿದ್ದನ್ನು ಗಾಡಿಯ ಮೇಲಿಂದ ನೋಡಿದ ಮಾವ, ಏನೋ ಕಳೆದುಕೊಂಡಿದ್ದಾರೆಂದು ತಿಳಿದು ತಾನೂ ಹುಡುಕಲು ಇಳಿದುಬಂದ.

"ಹಿಂಗ ಕೆಂಪಾಗೂವು ಬ್ಯಾರೆ ಅದಾವ," ಎಂದರು ಇವರು ಕೊನೆಗೆ. "ಖರೇ ಇದು ಅವಲ್ಲ. ಯಾವುದು ಅಂತ ನನಗ ಗೊತ್ತಿಲ್ಲ." ಗೊತ್ತಿಲ್ಲ ಎಂದು ಹೇಳುವಾಗ ಅಷ್ಟು ಸಂತೋಷಪಡುವ ಮನುಷ್ಯನನ್ನು ನಾನು ಮತ್ತೆಲ್ಲೂ ನೋಡಲಿಲ್ಲ.

ಆ ಮಧ್ಯಾಹ್ನ ಅಕ್ಕಲಕೋಟೆಯ ಮನೆಯ ಕಿಟಕಿಯ ಬೆಳಕಿನಲ್ಲಿ ಕೂತು ಚಿತ್ರ ಬರೆದೆ. ಒಂದು ಕೊಡೆಯನ್ನು ಕಾಗದದ ಮೇಲೆ ಬೋರಲು ಹಾಕಿಟ್ಟೆ. ಅಲ್ಲೇ ಒಣಗಿಸಿಬಿಡೋಣವೆಂದು ನಾನು ಹೇಳಿದ್ದುಂಟು. ಆದರೆ ಇವರಿಗೆ ಅದನ್ನು ಹಸಿಯಾಗಿಯೇ ಕಾಲೇಜಿನ ಸೂಕ್ಷ್ಮದರ್ಶಕದ ಕೆಳಗೆ ನೋಡುವ ಆಸೆ. ಒದ್ದೆ ಬಟ್ಟೆ ಸುತ್ತಿ, ಗಾಳಿಯಾಡುವ ಬುಟ್ಟಿಯಲ್ಲಿಟ್ಟು, ಆಷಾಢ ಮುಗಿಯುವುದನ್ನು ಕಾಯದೆ ನಾನೂ ಇವರ ಜೊತೆ ಬೆಳಗಿನ ಮೊದಲ ಮೋಟಾರಿಗೆ ಹೊರಟೆ.

ಮೋಟಾರು ದಾರಿಯ ನಡುವಿನ ವಳಸಂಗ ಇನ್ನೂ ದೂರವಿರುವಾಗಲೇ ಕೆಟ್ಟು ನಿಂತಿತು. ಮೊದಲಿನ ದಿನದ ಮೋಡ ಎಲ್ಲೋ ಹೋಗಿ, ಬಿಸಿಲು ಬಿದ್ದು, ಹಸಿನೆಲದಿಂದ ಝಳ ಏಳತೊಡಗಿತು. ಯಾರನ್ನೋ ಕಳಿಸಿ ಏನನ್ನೋ ತರಿಸಬೇಕೆಂದರು ಚಾಲಕರು. ನಾವು ಬೇವಿನ ನೆರಳಿನಲ್ಲಿ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಕೂತೆವು. ಇವರು ಮತ್ತೆ ಮತ್ತೆ ಬಟ್ಟೆ ಎತ್ತಿ ನೋಡುವುದು, ನಾನು ಸೆರಗಿನಿಂದ ಗಾಳಿ ಹಾಕುವುದು. ಮನೆಯಲ್ಲಿ ಕಾಯಿಲೆ ಬಿದ್ದವರಿಗೆ ಹಾಕಿದ ಹಾಗೆ. ಮಧ್ಯಾಹ್ನ ದಾಟಿದ ಮೇಲೆ ಕುಂಭಾರಿಯನ್ನೂ ದಾಟಿ ಸೊಲ್ಲಾಪುರ ಮುಟ್ಟಿದಾಗ ಬುಟ್ಟಿಯಲ್ಲಿ ಉಳಿದದ್ದು ಕಂದು ನೀರು, ಅದರಲ್ಲಿ ಹರಿದಾಡುವ ಹುಳು.

ಇವರು ಬುಟ್ಟಿಯನ್ನು ಹಿತ್ತಲಿಗೆ ಒಯ್ದು ಬಹಳ ಹೊತ್ತು ಒಳಗೆ ಬರಲಿಲ್ಲ. ಅತ್ತೆ ಏನಾಯಿತೆಂದು ಕಣ್ಣಲ್ಲೇ ಕೇಳಿದರು. ಹೇಳಿದೆ. ಅಣಬೆ ಕೊಳೆತರೆ ಸಂತೋಷಪಡಬೇಕಾದ ನನ್ನ ಅತ್ತೆ ಅಂದು ಒಲೆಯ ಮೇಲೆ ಮತ್ತೊಮ್ಮೆ ಚಹಾ ಇಟ್ಟು, "ಹೋಗಿ ಕೊಡು ಅವನಿಗೆ. ನಾ ಕೊಟ್ಟೆ ಅನ್ನಬ್ಯಾಡ," ಅಂದರು.

ಉಳಿದದ್ದೆಂದರೆ ನನ್ನ ಚಿತ್ರ ಮತ್ತು ಕಾಗದದ ಮೇಲೆ ಬಿದ್ದಿದ್ದ ಬಿಳಿಯ ರಂಗೋಲಿ. ಆ ಪುಡಿಯನ್ನು ಇವರು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮುಟ್ಟಿದರೆ ಕೆಂಪಾಗುವ ಬೇರೆ ಅಣಬೆಗಳ ಬೀಜಕಣ ಬಾದಾಮಿಯ ಆಕಾರ. ಇದರದು ಜೋಳದ ಕಾಳಿನ ಹಾಗೆ ದುಂಡು, ಒಂದು ತುದಿಗೆ ಮೂಗಿನಂಥ ಸಣ್ಣ ಮೊನೆ. ಪುಸ್ತಕಗಳಲ್ಲೆಲ್ಲೂ ಅಂಥದ್ದು ಇರಲಿಲ್ಲ. ರಜೆ ಹಾಕಿ, ನನ್ನನ್ನೂ ಕರೆದುಕೊಂಡು, ಪುಣೆಗೆ ಹೋದರು. ಅಲ್ಲಿ ಇವರಿಗೆ ಕಲಿಸಿದ ಒಬ್ಬ ಹಿರಿಯ ಪ್ರಾಧ್ಯಾಪಕರಿದ್ದರು. ಅವರ ಕಪಾಟುಗಳಲ್ಲಿ ದೇಶದ ನಾನಾ ಕಡೆಯ ಅಣಬೆಗಳು ಕಾಗದದ ಪೊಟ್ಟಣಗಳಲ್ಲಿ ಮಲಗಿದ್ದವು.

ಪ್ರಾಧ್ಯಾಪಕರು ಚಿತ್ರವನ್ನು ಕಿಟಕಿಯ ಹತ್ತಿರ ಒಯ್ದು ನೋಡಿದರು. ಯಾರು ಬರೆದದ್ದೆಂದು ಮರಾಠಿಯಲ್ಲಿ ಕೇಳಿದರು. ಇವರು ನನ್ನ ಕಡೆ ಕೈ ತೋರಿಸಿದರು. ಆ ಮುದುಕರು ಎದ್ದುನಿಂತು ನನಗೆ ನಮಸ್ಕಾರ ಮಾಡಿದರು. ನಾನು ಗಾಬರಿಯಾಗಿ ಗಂಡನ ಹಿಂದೆ ಸರಿದೆ. ಆದರೆ ಆಮೇಲೆ ಅವರು ಹೇಳಿದ್ದು ಬೇರೆಯೇ. ಹೊಸ ಪ್ರಭೇದವೆಂದು ಹೆಸರಿಡಬೇಕಾದರೆ ಅದರ ಒಣಗಿಸಿದ ದೇಹ ಕಪಾಟಿನಲ್ಲಿ ಇರಲೇಬೇಕು. ಮುಂದೆ ಯಾರಾದರೂ ಅನುಮಾನಪಟ್ಟರೆ ತೆಗೆದು ನೋಡಲು ಏನಾದರೂ ಬೇಡವೇ? ಎಷ್ಟೇ ಚೆಂದವಿರಲಿ, ಚಿತ್ರ ಸಾಕ್ಷಿಯಾಗುವುದಿಲ್ಲ. "ಮತ್ತೆ ಹುಡುಕು," ಎಂದು ಇವರ ಬೆನ್ನು ತಟ್ಟಿ ಕಳಿಸಿದರು.

ಆ ವರ್ಷ ಮತ್ತೆ ಸಿಗಲಿಲ್ಲ. ಮರುವರ್ಷದ ಮಳೆಗಾಲ ಬರುವಷ್ಟರಲ್ಲಿ ನಾನು ಬಸುರಿ. ಚಿತ್ರವನ್ನು ಇವರು ಪಡಸಾಲೆಯ ಗೋಡೆಗೆ, ಶಿಗಡಿಯ ಮೇಲೆ ತೂಗುಹಾಕಿದ್ದರು. ಅತ್ತೆ ಜೋಳ ಹಸನು ಮಾಡುವುದು, ಬತ್ತಿ ಹೊಸೆಯುವುದು ಎಲ್ಲ ಅದರ ಎದುರಿಗೇ. ಬಂದವರು ಕೇಳಿದರೆ, "ಅದು ನಮ್ಮ ಸೊಸಿ ಬರದದ್ದು," ಎನ್ನುತ್ತಿದ್ದರು. ಏನು ಬರೆದದ್ದೆಂದು ಹೇಳುತ್ತಿರಲಿಲ್ಲ.

ಹೆರಿಗೆಗೆ ಅಕ್ಕಲಕೋಟೆಗೆ ಹೋದೆ. ಮಗಳು ಹುಟ್ಟಿದಳು. ಆ ವರ್ಷ ಮಳೆ ತಡ. ಇವರು ರವಿವಾರ ಬರುವರು, ಕೂಸಿನ ಮುಖ ನೋಡುವರು, ಗಾಡಿ ಹೂಡಿಸಿಕೊಂಡು ಕುರನೂರಿಗೆ ಹೋಗಿ ಬರಿಗೈಯಲ್ಲಿ ವಾಪಸಾಗುವರು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನಕ್ಕೆಂದು ಅತ್ತೆಯೂ ಬಂದರು. ಅವರು ಬಂದಿಳಿದ ರಾತ್ರಿ ಚೆನ್ನಾಗಿ ಮಳೆ ಹೊಡೆಯಿತು. ಹೆಸರಿಡುವ ಕಾರ್ಯ ಮುಗಿದ ಮರುದಿನ ಇವರು ಹೊರಟುನಿಂತಾಗ ಅತ್ತೆಯೂ ಸೆರಗು ಬಿಗಿದುಕೊಂಡು ಅಂಗಳಕ್ಕಿಳಿದರು.

"ನೀ ಎಲ್ಲಿಗವ್ವಾ?" ಎಂದರು ಇವರು.

"ನಿನ್ನ ಕೂಡ. ಈ ಹುಡುಗಿ ಬಾಣಂತಿ, ಆಕಿ ಬರಂಗಿಲ್ಲ. ನಿನಗ ಒಬ್ಬಗ ಸಿಗಂಗಿಲ್ಲ. ನೀ ನೆಲಾ ನೋಡೂದಕ್ಕಿಂತ ಮ್ಯಾಲಿನ ಗಿಡಾ ನೋಡೂದ ಭಾಳ."

ಆ ದಿನದ ಬನದಲ್ಲಿ ನಾನಿರಲಿಲ್ಲ. ತಾಯಿ-ಮಗ ಹೇಳಿದ್ದನ್ನು ಕೇಳಿದ್ದೇನೆ, ಎರಡೂ ಹೊಂದುವುದಿಲ್ಲ. ಇವರ ಪ್ರಕಾರ, ಅತ್ತೆ ಬನಕ್ಕೆ ಕಾಲಿಟ್ಟಾಗಿನಿಂದ ಬೈಯುತ್ತಲೇ ಇದ್ದರು. ಮುಳ್ಳಿಗೆ, ಕೆಸರಿಗೆ, ಮಗನ ಓದಿಗೆ. ಅತ್ತೆಯ ಪ್ರಕಾರ, ತಾನು ಬಾಯಿ ಬಿಡದೆ ಬಿರೋಬನಿಗೆ ಕೈ ಮುಗಿದು ನೆಲ ನೋಡುತ್ತ ನಡೆದದ್ದು. ಬೈದದ್ದೇನಿದ್ದರೂ ದಾರಿಯಲ್ಲಿ, ಗಾಡಿ ಹೊಡೆಯುವ ನನ್ನ ಸೋದರಮಾವನಿಗಂತೆ. ಒಂದು ಮಾತ್ರ ಇಬ್ಬರೂ ಒಪ್ಪುತ್ತಾರೆ. ಇವರು ಗುಡಿಯ ಹಿಂದೆ ಹಳೆಯ ಜಾಗದಲ್ಲೇ ಹುಡುಕುತ್ತಿದ್ದಾಗ, ಅತ್ತೆ ಹೊಳೆಯ ಕಡೆಯ ಒಂದು ಬಿದ್ದ ಜಾಲಿಯ ಹತ್ತಿರ ನಿಂತು, "ಇಲ್ಲಿ ಬಾರೋ," ಎಂದು ಕರೆದರು.

ಇವರು ಹೋಗುವಷ್ಟರಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಎದುರಿಗೆ ಬಿಳಿಯ ಕೊಡೆಗಳು, ನಡುವೆ ಕಂದು ಬೊಟ್ಟು. ಅಂಥ ಬಿಳಿ ಅಣಬೆಗಳು ಬೇಕಾದಷ್ಟಿರುತ್ತವೆ, ಅಷ್ಟರಿಂದ ಹೇಳಲಾಗುವುದಿಲ್ಲ. ಇವರು ಬಗ್ಗುವ ಮೊದಲೇ ಅತ್ತೆ ತೋರುಬೆರಳನ್ನು ಚಾಚಿ ಒಂದರ ಕಾಲಿಗೆ ಒತ್ತಿಹಿಡಿದರು. ಹುಟ್ಟಿದಾಗಿನಿಂದ ನಾಯಿಕೊಡೆ ಮುಟ್ಟದ ಬೆರಳು ಅದು. ಎತ್ತಿದರು. ಬೆರಳಿನ ಗುರುತು ಕಿತ್ತಳೆಯಾಯಿತು, ಆಮೇಲೆ ಕೆಂಪಾಯಿತು.

"ಅದನ ನೋಡು," ಅಂದರು ಅತ್ತೆ. "ಆಕಿ ಚಿತ್ರದಾಗ ಮಾಡ್ಯಾಳಲ್ಲ, ಅದ ಬಣ್ಣ."

ಇವರು ತಾಯಿಯ ಕೈ ಹಿಡಿದುಕೊಂಡು ಅತ್ತರಂತೆ. ಇದನ್ನು ಹೇಳಿದ್ದು ಅತ್ತೆ. ಇವರನ್ನು ಕೇಳಿದರೆ ಅತ್ತದ್ದು ಅವ್ವನೇ ಎನ್ನುತ್ತಾರೆ.

ಈ ಸಲ ಯಾವ ಮೋಟಾರನ್ನೂ ನಂಬಲಿಲ್ಲ. ಅಲ್ಲೇ ಒಣಗಿಸಬೇಕಿತ್ತು. ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಆಗ ಹಗಲೂ ರಾತ್ರಿ ಕಾವಿರುತ್ತಿದ್ದ ಜಾಗವೆಂದರೆ ನನ್ನ ಬಾಣಂತನದ ಕೋಣೆ ಒಂದೇ. ಹೊರಸಿನ ಕೆಳಗೆ ಕೆಂಡದ ಶಿಗಡಿ, ನಾನೂ ಕೂಸೂ ಮೈ ಕಾಯಿಸಿಕೊಳ್ಳಲೆಂದು. ನನ್ನ ಅವ್ವ ಹಿಂದೆಮುಂದೆ ನೋಡಿದಳು. ಬಾಣಂತಿಯ ಕೋಣೆಗೆ ಅಣಬೆ ತರುವುದುಂಟೇ? ಅತ್ತೆಯೇ ಮುಂದಾದರು. "ಕೂಸಿಗೆ ಆದ ಕಾವು ಅದಕ್ಕೂ ಆಗ್ತದ, ಬೀಗತಿ. ತಗೊಂಬರ್ರಿ ಜಾಳಿಗಿ."

ಹಾಗೆ ಆ ಅಣಬೆಗಳು ನನ್ನ ಮಗಳ ಜೊತೆ ಒಂದೇ ಕಾವಿನಲ್ಲಿದ್ದವು. ಬೆಳಿಗ್ಗೆ ಸಂಜೆ ಅವ್ವ ಕೆಂಡದ ಮೇಲೆ ಓಮು ಹಾಕಿ ಹೊಗೆ ಕೊಡುವಾಗ ಜಾಳಿಗೆಯನ್ನು ಪಕ್ಕಕ್ಕಿಡುತ್ತಿದ್ದೆವು. ಒಮ್ಮೊಮ್ಮೆ ಮರೆಯುತ್ತಲೂ ಇದ್ದೆವು. ಮಲಗಿದಲ್ಲಿಂದಲೇ ಕೈ ಚಾಚಿ ನಾನು ಅವನ್ನು ಮಗುಚಿ ಹಾಕುತ್ತಿದ್ದೆ. ಗರಿಗರಿಯಾಗಿ ಒಣಗಿದವು.

ದೀಪಾವಳಿಯ ರಜೆಯಲ್ಲಿ ಮತ್ತೆ ಪುಣೆಗೆ ಹೋದೆವು. ಈ ಸಲ ಕೂಸೂ ಇತ್ತು, ಅತ್ತೆಯೂ ಇದ್ದರು. ಪ್ರಾಧ್ಯಾಪಕರು ಪೊಟ್ಟಣ ಬಿಚ್ಚಿ, ಅಣಬೆಯನ್ನು ಮೂಗಿನ ಹತ್ತಿರ ಹಿಡಿದು, ಹುಬ್ಬು ಗಂಟಿಕ್ಕಿದರು. ಮತ್ತೆ ಮೂಸಿದರು. ಬಹಳ ವಿಚಿತ್ರವಾದ ಸುವಾಸನೆ, ಓಮಿನ ಹಾಗಿದೆ, ಇದನ್ನೂ ಲಕ್ಷಣಗಳಲ್ಲಿ ಸೇರಿಸಬೇಕು ಎಂದರು. ಇವರ ಮುಖ ಕೆಂಪಾಯಿತು. ಬಾಣಂತಿಯ ಕೋಣೆಯ ಕತೆಯನ್ನೆಲ್ಲ ಹೇಳಬೇಕಾಯಿತು. ಮುದುಕರು ನಕ್ಕ ನಗುವಿಗೆ ಕೂಸು ಬೆದರಿ ಅಳತೊಡಗಿತು. ಅವರು ತಾವೇ ಎತ್ತಿಕೊಂಡು ಕಪಾಟುಗಳ ನಡುವೆ ಅಡ್ಡಾಡಿಸಿ ಸುಮ್ಮನಾಗಿಸಿದರು.

ಎರಡು ದಿನ ಅವರೂ ಇವರೂ ಸೇರಿ ನೋಡಿದರು. ಕೂದಲೆಳೆಯಷ್ಟು ತೆಳ್ಳಗೆ ಸೀಳಿ, ನೀರಿನಲ್ಲಿ ನೆನೆಹಾಕಿ, ಕಪಾಟಿನಲ್ಲಿದ್ದ ಹತ್ತಿರದ ಬಳಗದ ಅಣಬೆಗಳನ್ನೆಲ್ಲ ತೆಗೆದು ಪಕ್ಕದಲ್ಲಿಟ್ಟು. ಬೀಜಕಣ ಹೋದ ವರ್ಷ ಕಂಡಂತೆಯೇ ಇತ್ತು. ಜೊತೆಗೆ ಮಡಿಕೆಗಳ ಅಂಚಿನಲ್ಲಿ, ನೀರಿನ ಸುರಾಯಿಯಂತೆ ಉದ್ದ ಕುತ್ತಿಗೆಯ ಕೋಶಗಳು. ಅದೂ ಬೇರಾವುದರಲ್ಲೂ ಇರಲಿಲ್ಲ. ಎರಡನೆಯ ದಿನದ ಸಂಜೆ ಪ್ರಾಧ್ಯಾಪಕರು ಕನ್ನಡಕ ತೆಗೆದಿಟ್ಟು, ಇದಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ, ನೀನು ಇಡು ಎಂದರು. ಅತ್ತೆಯನ್ನು ಕರೆದು ಸೂಕ್ಷ್ಮದರ್ಶಕದ ಮುಂದೆ ಕೂಡಿಸಿದರು. ಅತ್ತೆ ಒಂದು ಕಣ್ಣು ಮುಚ್ಚಲು ಬಾರದೆ, ಕೈಯಿಂದ ಅದುಮಿ ಹಿಡಿದು ನೋಡಿದರು. "ಏನೂ ಕಾಣವಲ್ದು… ತಡೀ. ಹಾಂ. ರಾಶಿ ಮಾಡಿದ ಕಾಳು ಇದ್ದಂಗ ಬಿದ್ದಾವಲ್ಲೋ!"

ಹೆಸರಿನ ಜಗಳ ವಾಪಸು ಬರುವ ರೈಲಿನಲ್ಲೇ ಶುರುವಾಯಿತು. ಇವರಿಗೆ ತಾಯಿಯ ಹೆಸರಿಡುವ ಆಸೆ. ಮೆಲ್ಲಗೆ ಹೇಳಿ ನೋಡಿದರು.

ಅತ್ತೆ ಕೂತಲ್ಲಿಂದ ಎದ್ದೇಬಿಟ್ಟರು. "ನಾಯಿಕೊಡಿಗೆ ನನ್ನ ಹೆಸರಾ? ಬೀಗರು ಏನಂತಾರ, ಮಠದಾಗ ಏನಂತಾರ! ನಾ ಬದುಕಿರೂತನಕ ಅಂತೂ ಬ್ಯಾಡ, ಸತ್ತ ಮ್ಯಾಲೆ ಏಕದಮ್ ಬ್ಯಾಡ."

"ಹಂಗಾರ ಈಕಿ ಹೆಸರು ಇಡಲೇನು?" ಎಂದು ನನ್ನ ಕಡೆ ನೋಡಿದರು.

"ನನಗೂ ಬ್ಯಾಡ್ರಿ," ಅಂದೆ. "ಅದು ಎಲ್ಲಿ ಇರತದ ಅಲ್ಲಿದೇ ಹೆಸರು ಇರಲಿ."

ಹಾಗೆ, ಜಾಲಿಯ ಬಳಿ ವಾಸಿಸುವಂಥದ್ದು ಎಂಬ ಅರ್ಥದ ಲ್ಯಾಟಿನ್ ಹೆಸರಾಯಿತು. ಎಷ್ಟೋ ವರ್ಷಗಳ ಮೇಲೆ ಹೊರದೇಶದ ಯಾರೋ ವಿದ್ವಾಂಸರು ಅದನ್ನು ಆ ಕುಲದಿಂದ ತೆಗೆದು ಇನ್ನೊಂದು ಕುಲಕ್ಕೆ ಸೇರಿಸಿದರು. ಅಣಬೆಗಳ ಹೆಸರಿನಲ್ಲಿ ಮೊದಲ ಭಾಗ ಕುಲದ್ದು, ಎರಡನೆಯದು ಅದರ ಸ್ವಂತದ್ದು. ಕುಲ ಬದಲಾದರೆ ಮೊದಲಿನದಷ್ಟೇ ಬದಲಾಗುತ್ತದೆ. ಇವರಿಗೆ ಬೇಸರವಾಗಬಹುದೆಂದುಕೊಂಡಿದ್ದೆ. ನಕ್ಕರು. "ಲಗ್ನ ಆಗೇದ ಅದಕ್ಕ. ಅಡ್ಡಹೆಸರು ಬದಲಾತು, ಹುಡುಗಿ ಆಕಿನ ಅದಾಳ," ಅಂದರು.

ಹೊಸ ಪ್ರಭೇದವೊಂದರ ವರ್ಣನೆಯನ್ನು ಆಗ ಲ್ಯಾಟಿನ್ನಿನಲ್ಲೂ ಬರೆಯಬೇಕಿತ್ತು. ಇವರು ಬರೆದದ್ದನ್ನು ಊರಿನ ಇಗರ್ಜಿಯ ವಯಸ್ಸಾದ ಪಾದ್ರಿಯೊಬ್ಬರು ತಿದ್ದಿಕೊಟ್ಟರು. ಲೇಖನ ಅಚ್ಚಾಗಿ ಬರುವ ಹೊತ್ತಿಗೆ ಮಗಳು ಅಂಬೆಗಾಲಿಡುತ್ತಿದ್ದಳು. ನನ್ನ ಚಿತ್ರ ಕಪ್ಪು-ಬಿಳುಪಿನಲ್ಲಿ ಅಚ್ಚಾಗಿತ್ತು. ಕೆಂಪು ಬಣ್ಣವೇ ಇಲ್ಲವಲ್ಲ ಎಂದು ನನಗೆ ಸ್ವಲ್ಪ ಬೇಸರ. ಇವರು ಪಡಸಾಲೆಯಲ್ಲಿ ಕೂತು ಲ್ಯಾಟಿನ್ ಸಾಲುಗಳನ್ನು ಗಟ್ಟಿಯಾಗಿ ಓದಿದರು. ಅತ್ತೆ ಬತ್ತಿ ಹೊಸೆಯುವುದನ್ನು ನಿಲ್ಲಿಸಿ, ಕೊನೆಯವರೆಗೂ ಕೇಳಿದರು.

"ಮಂತ್ರ ಇದ್ದಂಗ ಅದ," ಅಂದರು. "ಛಲೋ ಅದ. ಈಗ ನಮ್ಮ ಮಾತಿನಾಗ ಹೇಳ್ರಿ."

ಇವರು ಪುಸ್ತಕ ನನ್ನ ಕೈಗೆ ಕೊಟ್ಟರು. ನನಗೆ ಲ್ಯಾಟಿನ್ ಬಾರದು, ನೋಡಿ ಓದುವುದು ಏನಿದೆ. ಮಡಿಸಿಟ್ಟು, ನನಗೆ ಗೊತ್ತಿದ್ದಂತೆ ಹೇಳಿದೆ. ಕೊಡೆ ಬಿಳಿ, ಆಗಷ್ಟೇ ಕಾಸಿದ ಹಾಲಿನ ಕೆನೆಯಂತೆ. ನಡುವೆ ಬೆಲ್ಲದ ಬಣ್ಣದ ಬೊಟ್ಟು, ಸುತ್ತ ಅದೇ ಬಣ್ಣದ ಚಿಪ್ಪು. ಕಾಲು ಸಣ್ಣದು, ಒಳಗೆ ಪೊಳ್ಳು, ಬುಡ ಸ್ವಲ್ಪ ದಪ್ಪ, ಉಂಗುರ ಬೇಗ ಉದುರಿಹೋಗುತ್ತದೆ. ಮುಟ್ಟಿದರೆ ಕಿತ್ತಳೆ, ಆಮೇಲೆ ಕುಂಕುಮ. ಕೊಳೆತ ಜಾಲಿಯ ಬೇರಿನ ಮೇಲೆ, ಕುರಿ ನಿಂತ ನೆಲದಲ್ಲಿ, ಮಳೆಯ ಮರುದಿನ ಹುಟ್ಟುತ್ತದೆ. ಇವರು ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. ನಡುವೆ ಎಲ್ಲೂ ತಿದ್ದಲಿಲ್ಲ.

"ಹೌದು, ಹಿಂಗ ಇತ್ತು," ಅಂದರು ಅತ್ತೆ. ಅಷ್ಟರಲ್ಲಿ ಮಗಳು ನೂಲಿನ ರಟ್ಟನ್ನು ಹಿಡಿದೆಳೆದು ಒಂದು ಎಳೆಯನ್ನು ಬಾಯಿಗೆ ಹಾಕಿಕೊಂಡಿದ್ದಳು. "ಏ, ಏ, ಅದನ್ನ ಕಸಗೋ ಮೊದಲು, ನುಂಗೀತು!" ಎಂದು ಅತ್ತೆ ನನ್ನನ್ನು ಗದರಿಸಿ, ನಾನು ಏಳುವ ಮೊದಲೇ ತಾವೇ ಹೋಗಿ ಕೂಸನ್ನು ಎತ್ತಿಕೊಂಡರು.